ಗಲ್ಲಾಪೆಟ್ಟಿಗೆಗೆ ಗಂಟೆ ಕಟ್ಟಿದವರು

1878ನೇ ಇಸವಿ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಅನ್ನೋ ಊರು. ಅಲ್ಲಿ ಜೇಮ್ಸ್ ರಿಟಿ ಅಂತ ಒಬ್ಬ ಹೆಂಡದಂಗಡಿ ಮಾಲೀಕ. ಅಂಗಡಿಗೆ ಜನ ಬರ್ತಿದ್ರು, ಕುಡೀತಿದ್ರು, ಕಾಸು ಕೊಡ್ತಿದ್ರು. ವ್ಯಾಪಾರ ಜೋರಾಗೇ ಇತ್ತು. ಆದರೆ ಲೆಕ್ಕಕ್ಕೆ ಕೂತ್ರೆ ಲಾಭ ಮಾತ್ರ ಕಾಣ್ತಿರಲಿಲ್ಲ. ಎಲ್ಲಿ ಹೋಯ್ತು ದುಡ್ಡು? ಗಿರಾಕಿ ಕೊಟ್ಟಿದ್ದು ಗಲ್ಲಾಕ್ಕೆ ಹೋಗೋ ಬದಲು ಕೆಲಸದವರ ಜೇಬಿಗೆ ಹೋಗ್ತಿತ್ತು. ರಿಟಿಗೆ ಅದು ಗೊತ್ತಿತ್ತು. ಹಿಡಿಯೋದು ಹೇಗೆ ಅನ್ನೋದು ಗೊತ್ತಿರಲಿಲ್ಲ. ಅದೇ ಚಿಂತೆಯಲ್ಲಿ ಆರೋಗ್ಯ ಹಾಳಾಯ್ತು. ಸ್ವಲ್ಪ ದಿನ ಎಲ್ಲಾ ಮರೆತು ಬರೋಣ ಅಂತ ಯೂರೋಪಿನ ಹಡಗು ಹತ್ತಿದ.

ಆ ಹಡಗಿನ ಎಂಜಿನ್ ಕೋಣೆಯಲ್ಲಿ ಒಂದು ಯಂತ್ರ ಕಣ್ಣಿಗೆ ಬಿತ್ತು. ಹಡಗಿನ ಪ್ರೊಪೆಲರ್ ಎಷ್ಟು ಸುತ್ತು ತಿರುಗಿತು ಅನ್ನೋದನ್ನ ಅದು ತಾನಾಗೇ ಎಣಿಸ್ತಿತ್ತು. ಯಾರೂ ಬರೆಯಬೇಕಿಲ್ಲ, ಯಾರೂ ಕಾವಲು ಕೂರಬೇಕಿಲ್ಲ. ರಿಟಿಗೆ ಅಲ್ಲೇ ಹೊಳೀತು. ಪ್ರೊಪೆಲರ್ ಸುತ್ತನ್ನ ಎಣಿಸೋ ಯಂತ್ರ ಇದ್ರೆ, ಅಂಗಡಿಯ ಕಾಸನ್ನ ಎಣಿಸೋ ಯಂತ್ರ ಯಾಕಾಗಬಾರದು? ಊರಿಗೆ ವಾಪಸ್ ಬಂದವನೇ ಅಣ್ಣ-ತಮ್ಮ ಇಬ್ಬರೂ ಸೇರಿ ಕೆಲಸಕ್ಕೆ ಕೂತರು. 1879ರ ನವೆಂಬರ್ 4ಕ್ಕೆ ಪೇಟೆಂಟ್ ಸಿಕ್ತು. ಇವತ್ತು ಪ್ರತಿ ಅಂಗಡಿಯ ಕೌಂಟರ್‌ನಲ್ಲಿ ಕೂತಿರೋ ಬಿಲ್ಲಿಂಗ್ ಮಷೀನ್ ಇದೆಯಲ್ಲ, ಅದರ ಮುತ್ತಾತ ಅದು.

ಅದಕ್ಕೆ ಅವರು ಇಟ್ಟ ಹೆಸರು ಕೇಳಿ. 'ಭ್ರಷ್ಟನಾಗದ ಕ್ಯಾಷಿಯರ್'! ಯಂತ್ರವನ್ನ ಹೊಗಳಿದ ಹಾಗೂ ಆಯ್ತು, ಅದರ ಪಕ್ಕದಲ್ಲಿ ನಿಂತ ಮನುಷ್ಯನನ್ನ ಬೈದ ಹಾಗೂ ಆಯ್ತು.

ನಮ್ಮ ಕಡೆ ಹಳೇ ಜವಳಿ ಅಂಗಡಿಗಳಲ್ಲಿ ನೋಡಿರ್ತೀರಿ. ಸೀರೆ ಬಿಚ್ಚಿ ತೋರಿಸೋರು, ಮಡಿಸೋರು, ಕಟ್ಟಿ ಕೊಡೋರು ಎಲ್ಲಾ ಕೆಲಸದವರು. ಗಲ್ಲಾಪೆಟ್ಟಿಗೆ ಹಿಂದೆ ಮಾತ್ರ ಯಜಮಾನ. ಅವನಿಲ್ಲದಿದ್ರೆ ಮಗ. ಮಗನೂ ಇಲ್ಲದಿದ್ರೆ ಅಳಿಯ. ರಕ್ತಸಂಬಂಧ ಇಲ್ಲದವರ ಕೈಗೆ ಗಲ್ಲಾದ ಬೀಗದ ಕೈ ಕೊಡೋದು ಬಹಳ ದೊಡ್ಡ ಮಾತು. ಅಂಗಡಿ ಒಂದೇ ಇರೋವರೆಗೆ ಈ ವ್ಯವಸ್ಥೆ ನಡೆಯುತ್ತೆ. ಒಂದು ಅಂಗಡಿ ಹತ್ತಾದಾಗ, ನೂರಾದಾಗ ಅಷ್ಟು ಜನ ಮಕ್ಕಳನ್ನ, ಅಳಿಯಂದಿರನ್ನ ಎಲ್ಲಿಂದ ತರೋದು? ಆಗ ಯಜಮಾನನ ಕಣ್ಣಿಗೆ ಬದಲಿ ಬೇಕಾಗುತ್ತೆ. ಕಳೆದ 140 ವರ್ಷದ ಅಂಗಡಿ ಚರಿತ್ರೆಯಲ್ಲಿ ಗಂಟೆ, ರಶೀದಿ, ಕ್ಯಾಮೆರಾ, ಬ್ಯಾಗ್ ಚೆಕಿಂಗ್ ಎಲ್ಲಾ ಬಂದಿದ್ದು ಆ ಬದಲಿಯ ಹುಡುಕಾಟದಿಂದ.

ರಿಟಿಗೆ ಯಂತ್ರ ಮಾಡೋಕೆ ಬಂತು, ಮಾರೋಕೆ ಬರಲಿಲ್ಲ. ಮಾರಿದವನು ಜಾನ್ ಪ್ಯಾಟರ್ಸನ್. ಅವನದೂ ಒಂದು ಅಂಗಡಿ ಇತ್ತು, ಕಲ್ಲಿದ್ದಲು ಗಣಿ ಕೆಲಸಗಾರರಿಗೆ ಸಾಮಾನು ಮಾರೋ ಅಂಗಡಿ. ಅಲ್ಲೂ ಸೋರಿಕೆ. ರಿಟಿಯ ಯಂತ್ರ ತರಿಸಿ ಇಟ್ಟ ಮೇಲೆ ನಷ್ಟ ಹೋಗಿ ಲಾಭ ಬಂತು. 1884ರಲ್ಲಿ ಪ್ಯಾಟರ್ಸನ್ ಆ ಕಂಪನಿಯನ್ನೇ ಕೊಂಡ. ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಅಂತ ಹೆಸರಿಟ್ಟ. ಅಷ್ಟೊತ್ತಿಗೆ ಯಂತ್ರಕ್ಕೆ ಗಲ್ಲಾಪೆಟ್ಟಿಗೆಯೂ ಸೇರಿತ್ತು, ಗಂಟೆಯೂ ಸೇರಿತ್ತು. ಪೆಟ್ಟಿಗೆ ತೆರೆದ್ರೆ ಟಣ್ ಅಂತ ಸದ್ದು. ಮಾಲೀಕ ಒಳಕೋಣೆಯಲ್ಲಿದ್ರೂ ಕೇಳಬೇಕು. ಆ ಸಂಗೀತ ಗಿರಾಕಿಗಲ್ಲ, ಗುಮಾಸ್ತನ ಮೇಲಿನ ಕಾವಲಿಗೆ.

ಈ ಪ್ಯಾಟರ್ಸನ್ ಕಥೆಗೆ ಒಂದು ಬಾಲ ಇದೆ, ಹೇಳದೇ ಇರೋಕಾಗಲ್ಲ. ಜಗತ್ತಿಗೆಲ್ಲಾ ಪ್ರಾಮಾಣಿಕತೆಯ ಯಂತ್ರ ಮಾರಿದ ಈ ಮಹಾನುಭಾವನನ್ನ 1913ರಲ್ಲಿ ಅಮೆರಿಕದ ಕೋರ್ಟ್ ಅಪರಾಧಿ ಅಂತ ತೀರ್ಮಾನಿಸ್ತು. ಆರೋಪ ಏನು? ಪೈಪೋಟಿ ಕಂಪನಿಗಳನ್ನ ಅಡ್ಡದಾರಿಯಲ್ಲಿ ತುಳಿದದ್ದು. ಒಂದು ವರ್ಷ ಜೈಲು, 5,000 ಡಾಲರ್ ದಂಡ. ಜೊತೆಗೆ ಶಿಕ್ಷೆಯಾದ ಅಧಿಕಾರಿಗಳಲ್ಲಿ ಥಾಮಸ್ ವಾಟ್ಸನ್ ಕೂಡ ಒಬ್ಬ. ಮುಂದೆ ಐಬಿಎಂ ಕಟ್ಟಿದ ಅದೇ ವಾಟ್ಸನ್. 1915ರಲ್ಲಿ ಮೇಲ್ಮನವಿ ಕೋರ್ಟ್ ಆ ತೀರ್ಪನ್ನ ರದ್ದು ಮಾಡ್ತು, ಯಾರೂ ಜೈಲಿಗೆ ಹೋಗಲಿಲ್ಲ. ಗುಮಾಸ್ತನ ನಾಲ್ಕು ಕಾಸಿಗೆ ಗಂಟೆ ಇತ್ತು. ಮಾಲೀಕನ ವ್ಯವಹಾರಕ್ಕೆ ಗಂಟೆ ಇರಲಿಲ್ಲ.

ಆದರೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಅಂಗಡಿ ಕೆಲಸದವರಲ್ಲಿ ಕಳ್ಳತನ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ. ರಿಟಿ ಕಳ್ಕೊಂಡಿದ್ದು ನಿಜ. ಅಷ್ಟೇ ಅಲ್ಲ, ಆ ಗಂಟೆ, ಆ ರಶೀದಿ ಪ್ರಾಮಾಣಿಕ ಗುಮಾಸ್ತನ ರಕ್ಷಣೆಗೂ ಬಂತು. ಸಂಜೆ ಲೆಕ್ಕ ಹೊಂದಿದ್ರೆ ಅವನ ಮೇಲೆ ಯಾರೂ ಬೆರಳು ತೋರಿಸೋ ಹಾಗಿರಲಿಲ್ಲ. ಇನ್ನೊಂದು ವಿಷಯ ಗಮನಿಸಿ, ಮುಂದಿನ ಕಥೆಗೆ ಇದು ಮುಖ್ಯ. ಯಂತ್ರದ ದುಡ್ಡು ಕೊಟ್ಟಿದ್ದು ಮಾಲೀಕ. ಅನುಮಾನ ಅವನದು, ಖರ್ಚೂ ಅವನದೇ. ಯಂತ್ರ ಹುಡುಕಿದ್ದು ಲೆಕ್ಕವನ್ನ. ಮನುಷ್ಯನ ಮೈಯನ್ನ, ಚೀಲವನ್ನ ಹುಡುಕಲಿಲ್ಲ.

ದೊಡ್ಡ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು ಬಂದಾಗ ಈ ಯೋಚನೆ ಇನ್ನೂ ಮುಂದೆ ಹೋಯ್ತು. ಮಾರೋರ ಕೈಗೆ ದುಡ್ಡೇ ನಿಲ್ಲಬಾರದು. ಮೊದಲು ಚಿಕ್ಕ ಹುಡುಗರು ದುಡ್ಡು ಹಿಡ್ಕೊಂಡು ಕ್ಯಾಷಿಯರ್ ಹತ್ರ ಓಡ್ತಿದ್ರು. ಆಮೇಲೆ ಮರದ ಟೊಳ್ಳು ಚೆಂಡಿನೊಳಗೆ ನೋಟು ತುಂಬಿ ಹಳಿ ಮೇಲೆ ಉರುಳಿಸೋ ವ್ಯವಸ್ಥೆ ಬಂತು. ಗಾಳಿ ಕೊಳವೆಗಳು ಬಂದವು. ನಮ್ಮಲ್ಲಿ ಕೆಲವು ಹಳೇ ಬಟ್ಟೆ ಅಂಗಡಿಗಳಲ್ಲಿ ಬಿಲ್ ಮಾಡೋದು ಒಂದು ಕಡೆ, ದುಡ್ಡು ಕಟ್ಟೋದು ಇನ್ನೊಂದು ಕಡೆ, ಸಾಮಾನು ಕೊಡೋದು ಮೂರನೇ ಕಡೆ. ಅದರ ಹಿಂದಿನ ಲೆಕ್ಕಾಚಾರವೂ ಇದೇ.

ಇಂಗ್ಲೆಂಡಿನಲ್ಲಿ ಅಂಗಡಿ ಕೆಲಸದವರ ಪಾಡು ಇನ್ನೂ ಬಿಗಿ. ಅಂಗಡಿ ಮೇಲಿನ ಕೋಣೆಗಳಲ್ಲೇ ಅವರು ಮಲಗಬೇಕು, ಅಲ್ಲೇ ಊಟ. ತಪ್ಪಿದ್ದಕ್ಕೆಲ್ಲಾ ದಂಡ, ಸಂಬಳದಲ್ಲಿ ಕಡಿತ. ಹದಿನಾಲ್ಕನೇ ವಯಸ್ಸಿಗೆ ಹಾಗೆ ಬಟ್ಟೆ ಅಂಗಡಿ ಸೇರಿದ ಒಬ್ಬ ಹುಡುಗಿ ಇದ್ದಳು, ಮಾರ್ಗರೆಟ್ ಬಾಂಡ್‌ಫೀಲ್ಡ್. 1890ರ ದಶಕದಲ್ಲಿ ಆಕೆ ಗ್ರೇಸ್ ಡೇರ್ ಅನ್ನೋ ಸುಳ್ಳು ಹೆಸರಲ್ಲಿ ಅಂಗಡಿಗಳ ಒಳಗಿನ ಸ್ಥಿತಿ ಬಗ್ಗೆ ಕಾರ್ಮಿಕ ಸಂಘದ ಪತ್ರಿಕೆಗೆ ಬರೀತಿದ್ದಳು. ಈಗಿನ ಭಾಷೆಯಲ್ಲಿ ಹೇಳಬೇಕಂದ್ರೆ ಸ್ಟಿಂಗ್ ಆಪರೇಷನ್, ಕ್ಯಾಮೆರಾ ಇಲ್ಲ ಅಷ್ಟೇ. 1929ರಲ್ಲಿ ಅದೇ ಹುಡುಗಿ ಬ್ರಿಟನ್ನಿನ ಕಾರ್ಮಿಕ ಸಚಿವೆ ಆದಳು. ಬ್ರಿಟಿಷ್ ಸಂಪುಟದ ಮೊದಲ ಮಹಿಳೆ! ಅಂಗಡಿಯವರು ಮನಸ್ಸಿಗೆ ಬಂದ ಹಾಗೆ ದಂಡ ಹಾಕೋದಕ್ಕೆ ಬ್ರಿಟನ್ 1896ರಲ್ಲೇ ಕಾನೂನಿನ ಲಗಾಮು ಹಾಕಿತ್ತು. ಗಲ್ಲಾದಲ್ಲಿ ದುಡ್ಡು ಕಡಿಮೆ ಬಿದ್ರೆ ಒಂದು ಸಲದ ಸಂಬಳದ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹಿಡಿಯಬಾರದು ಅನ್ನೋ ನಿಯಮ ಬಂದಿದ್ದು 1986ರಲ್ಲಿ.

ನಮ್ಮಲ್ಲೂ 1936ರ ವೇತನ ಪಾವತಿ ಕಾಯ್ದೆಯಲ್ಲಿ ಇಂಥದ್ದೊಂದು ಮಾತಿತ್ತು. ಕೆಲಸಗಾರನ ವಶಕ್ಕೆ ಕೊಟ್ಟ ಮಾಲು ಹಾಳಾದ್ರೆ, ಲೆಕ್ಕ ಕೊಡಬೇಕಾದ ದುಡ್ಡು ಕಳೆದ್ರೆ ಸಂಬಳದಲ್ಲಿ ಹಿಡೀಬಹುದು. ಆದರೆ ಅದು ಅವನದೇ ನಿರ್ಲಕ್ಷ್ಯದಿಂದ, ಅವನದೇ ತಪ್ಪಿನಿಂದ ನೇರವಾಗಿ ಆಗಿರಬೇಕು. ಹಿಡಿಯೋದಕ್ಕೆ ಮೊದಲು ಅವನ ಮಾತು ಕೇಳಬೇಕು. ಸ್ಟಾಕ್ ಕಡಿಮೆ ಬಂತು, ಎಲ್ಲಾ ಸೇಲ್ಸ್ ಹುಡುಗರಿಂದ ಇನ್ನೂರು ಇನ್ನೂರು ಹಿಡೀರಿ ಅನ್ನೋದು ಆ ಕಾನೂನಿನ ಭಾಷೆಯಲ್ಲಿ ಇರಲಿಲ್ಲ.

ಅಮೆರಿಕದಲ್ಲಿ ಇನ್ನೊಂದು ವಿಚಿತ್ರ ನಡೀತು. ಇಪ್ಪತ್ತನೇ ಶತಮಾನದಲ್ಲಿ ಅಂಗಡಿ ಸರಪಳಿಗಳು ಕೆಲಸದವರಿಗೆ ಸುಳ್ಳುಪತ್ತೆ ಯಂತ್ರ ಹಚ್ಚೋಕೆ ಶುರು ಮಾಡಿದ್ವು. ಕೊಲೆ ಆರೋಪಿಗಲ್ಲ, ಸಾಬೂನು ಮಾರೋ ಹುಡುಗಿಗೆ! ಕೈಗೆ ಪಟ್ಟಿ, ಎದೆಗೆ ಪಟ್ಟಿ, ಎದುರಿಗೆ ಪ್ರಶ್ನೆ. ಎದೆಬಡಿತ ಜೋರಾದ್ರೆ ಕಳ್ಳಿ. ಹೆದರಿದ್ದಕ್ಕೂ ಎದೆ ಬಡ್ಕೊಳ್ಳುತ್ತೆ ಸ್ವಾಮಿ! ಕೊನೆಗೆ 1988ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಬಹುತೇಕ ಖಾಸಗಿ ಮಾಲೀಕರಿಗೆ ಅದನ್ನ ನಿಲ್ಲಿಸ್ತು. ಸೆಕ್ಯುರಿಟಿ ಕಂಪನಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ ಉಳೀತು.

ಈಗ ಜರ್ಮನಿಗೆ ಬನ್ನಿ. ಕೆಲಸದವರು ಏನಾದ್ರೂ ತಗೊಂಡ್ರು ಅಂತಲೇ ಇಟ್ಕೊಳ್ಳಿ, ಎಷ್ಟು ತಗೊಂಡ್ರೆ ಕೆಲಸ ಹೋಗಬೇಕು? ಇದನ್ನ ಆ ದೇಶ ಬೀದಿಯಲ್ಲಿ, ಟೀವಿಯಲ್ಲಿ, ಸಂಸತ್ತಿನ ಪಡಸಾಲೆಯಲ್ಲಿ ಎಲ್ಲಾ ಕಡೆ ಜಗಳ ಆಡ್ಕೊಂಡು ತೀರ್ಮಾನ ಮಾಡ್ತು. 1984ರಲ್ಲಿ ಒಂದು ಕೇಸ್. ಕೌಂಟರ್‌ನಲ್ಲಿ ಕೆಲಸ ಮಾಡ್ತಿದ್ದ ಒಬ್ಬಳು ದುಡ್ಡು ಕೊಡದೆ ಒಂದು ತುಂಡು ಕೇಕ್ ತಿಂದಳು. ಕೆಲಸದಿಂದ ವಜಾ. ಅಲ್ಲಿನ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ಏನಂತು? ಕದ್ದ ವಸ್ತುವಿನ ಬೆಲೆ ಎಷ್ಟೇ ಚಿಕ್ಕದಾಗಿರಲಿ, ಅದು ವಜಾಕ್ಕೆ ಕಾರಣ ಆಗಬಹುದು ಅಂತು. ಅಲ್ಲಿಂದ ಇಪ್ಪತ್ತೈದು ವರ್ಷ ಮಾಲೀಕರ ಕೈಯಲ್ಲಿ ಆ ಕೇಕ್ ತುಂಡೇ ಅಸ್ತ್ರ.

ಆಮೇಲೆ ಬಂದಿದ್ದು 'ಎಮ್ಲಿ' ಪ್ರಕರಣ. ಬರ್ಲಿನ್‌ನ ಒಂದು ಕೈಸರ್ಸ್ ಸೂಪರ್ ಮಾರ್ಕೆಟ್. ಬಾರ್ಬರಾ ಎಮ್ಮೆ ಅನ್ನೋ ಕ್ಯಾಷಿಯರ್. ಹೆಸರು ಕೇಳಿ ನಗಬೇಡಿ, ಅಲ್ಲಿ ಅದು ಮನೆತನದ ಹೆಸರು. 1977ರಿಂದ ಗಲ್ಲಾದ ಹಿಂದೆ ಕೂತಾಕೆ. ಕೂತಲ್ಲೇ ಗೋಡೆ ಬಿತ್ತು, ದೇಶ ಬದಲಾಯ್ತು, ಮಾಲೀಕರು ಬದಲಾದ್ರು, ಆಕೆ ಬದಲಾಗಲಿಲ್ಲ. ಜರ್ಮನಿಯಲ್ಲಿ ಖಾಲಿ ಬಾಟಲಿ ವಾಪಸ್ ಕೊಟ್ರೆ ಠೇವಣಿ ಚೀಟಿ ಕೊಡ್ತಾರೆ. 2008ರ ಜನವರಿಯಲ್ಲಿ ಅಂಗಡಿಯಲ್ಲಿ ಯಾರೋ ಬೀಳಿಸಿ ಹೋಗಿದ್ದ ಎರಡು ಚೀಟಿ ಸಿಕ್ಕವು. ಒಂದು 48 ಸೆಂಟಿನದು, ಇನ್ನೊಂದು 82 ಸೆಂಟಿನದು. ಎರಡೂ ಸೇರಿ 1 ಯೂರೊ 30 ಸೆಂಟ್. ಅವನ್ನ ಆಕೆ ತನ್ನ ಸ್ವಂತ ಖರೀದಿಗೆ ಬಳಸಿಕೊಂಡಳು ಅನ್ನೋದು ಆರೋಪ. 31 ವರ್ಷದ ನೌಕರಿ, ನೋಟಿಸ್ ಅವಧಿಯೂ ಇಲ್ಲದೆ ಮುಗೀತು. ಅದಕ್ಕೆ ಮುಂಚೆ ಆಕೆ ಮುಷ್ಕರದಲ್ಲಿ ಭಾಗವಹಿಸಿದ್ದಳು. ವಜಾಕ್ಕೂ ಮುಷ್ಕರಕ್ಕೂ ಸಂಬಂಧ ಇದೆ ಅಂತ ಆಕೆಯ ಕಡೆಯವರು ಹೇಳಿದ್ರು, ಕಂಪನಿ ಇಲ್ಲ ಅಂತು.

ಕೆಳಗಿನ ಎರಡೂ ಕೋರ್ಟ್‌ಗಳಲ್ಲಿ ಆಕೆ ಸೋತಳು. 2010ರ ಜೂನ್ 10ರಂದು ಅತ್ಯುನ್ನತ ಕಾರ್ಮಿಕ ನ್ಯಾಯಾಲಯದಲ್ಲಿ ಗೆದ್ದಳು. ಈ ತೀರ್ಪು ನನಗೆ ಇಷ್ಟ ಆಗೋದು ಅದು ಕಣ್ಣೀರಿಗೆ ಕರಗಿದ ತೀರ್ಪಲ್ಲ ಅನ್ನೋ ಕಾರಣಕ್ಕೆ. ನೀನು ತಪ್ಪು ಮಾಡಿಲ್ಲ ಅಂತ ಕೋರ್ಟ್ ಹೇಳಲಿಲ್ಲ. ತಪ್ಪಾಗಿದೆ, ಗಂಭೀರ ತಪ್ಪೇ ಅಂತು. ಆದರೆ ಮೂವತ್ತೊಂದು ವರ್ಷ ದುಡಿದು ಕೂಡಿಟ್ಟ ನಂಬಿಕೆ ಅನ್ನೋದು ಒಂದು ಬಂಡವಾಳ, ಒಂದೇ ಒಂದು ಸಲದ 1 ಯೂರೊ 30 ಸೆಂಟಿಗೆ ಅದು ಪೂರ್ತಿ ಖಾಲಿಯಾಗಲ್ಲ, ಎಚ್ಚರಿಕೆ ಕೊಟ್ಟಿದ್ರೆ ಸಾಕಿತ್ತು ಅಂತು. ನಂಬಿಕೆಯನ್ನ ಬಂಡವಾಳ ಅಂತ ಕರೆದ ಕೋರ್ಟ್! ಮಾಲೀಕನ ಭಾಷೆಯಲ್ಲೇ ಮಾಲೀಕನಿಗೆ ಉತ್ತರ.

ವಜಾ ಅನ್ನೋದು ಅಪರೂಪಕ್ಕೆ, ಒಬ್ಬರಿಗೆ ಆಗೋದು. ಚೆಕಿಂಗ್ ಹಾಗಲ್ಲ. ಅದು ದಿನಾ, ಎಲ್ಲರಿಗೂ. ಕದ್ದವನಿಗೂ ಅದೇ ಸಾಲು, ಕದಿಯದವನಿಗೂ ಅದೇ ಸಾಲು. ರಿಟಿಯ ಯಂತ್ರ ಲೆಕ್ಕ ಹುಡುಕ್ತಿತ್ತು ಅಂದೆನಲ್ಲ, ಇಲ್ಲಿ ಹುಡುಕೋದು ಮನುಷ್ಯನನ್ನ. ಹಾಗಾದ್ರೆ ಆ ಸಾಲಿನಲ್ಲಿ ನಿಂತ ಸಮಯ ಯಾರ ಲೆಕ್ಕಕ್ಕೆ?

ಅಮೆರಿಕದ ನೆವಾಡಾ ರಾಜ್ಯದ ಅಮೆಜಾನ್ ಗೋದಾಮುಗಳಲ್ಲಿ ಗುತ್ತಿಗೆ ಕಂಪನಿಯ ಮೂಲಕ ಕೆಲಸ ಮಾಡ್ತಿದ್ದವರು ಇದೇ ಪ್ರಶ್ನೆ ಹಿಡ್ಕೊಂಡು ಕೋರ್ಟಿಗೆ ಹೋದ್ರು. ಪಾಳಿ ಮುಗಿದ ಮೇಲೆ ಪರ್ಸು, ಕೀ, ಬೆಲ್ಟು ತೆಗೆದಿಟ್ಟು ಮೆಟಲ್ ಡಿಟೆಕ್ಟರ್ ದಾಟಬೇಕು. ಅದಕ್ಕೆ ದಿನಕ್ಕೆ ಸುಮಾರು 25 ನಿಮಿಷ ಕಾಯಬೇಕು, ಸಂಬಳ ಇಲ್ಲ ಅನ್ನೋದು ಅವರ ದೂರು. 2014ರ ಡಿಸೆಂಬರ್ 9ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು. ಒಂಬತ್ತು ನ್ಯಾಯಮೂರ್ತಿಗಳು, ಒಂಬತ್ತೂ ಜನ ಕಂಪನಿ ಪರ. ಒಬಾಮಾ ಸರ್ಕಾರವೂ ಕಂಪನಿ ಕಡೆಗೇ ವಾದ ಮಂಡಿಸಿತ್ತು.

ಕಾರಣ ಏನು ಕೊಟ್ರು ಗೊತ್ತಾ? 1946ರಲ್ಲಿ ಮಿಷಿಗನ್‌ನ ಒಂದು ಮಡಕೆ-ಕುಡಿಕೆ ಕಾರ್ಖಾನೆಯ ಕೇಸಲ್ಲಿ, ಗೇಟಿನಿಂದ ಕೆಲಸದ ಜಾಗಕ್ಕೆ ನಡೆಯೋ ಸಮಯಕ್ಕೂ ಕೂಲಿ ಕೊಡಬೇಕು ಅಂತ ಇದೇ ಕೋರ್ಟ್ ಹೇಳಿತ್ತು. ಮಾಲೀಕರು ಗಾಬರಿಯಾದ್ರು. ಮರುವರ್ಷವೇ ಸಂಸತ್ತು ಹೊಸ ಕಾನೂನು ತಂತು. ಮುಖ್ಯ ಕೆಲಸಕ್ಕೆ ಹಿಂದಿನ, ಮುಂದಿನ ಸಮಯಕ್ಕೆ ಕೂಲಿ ಬೇಕಿಲ್ಲ ಅಂತು. ಆ 1947ರ ಕಾನೂನು ಹಿಡ್ಕೊಂಡು 2014ರಲ್ಲಿ ಕೋರ್ಟ್ ಹೇಳಿದ್ದು ಹೀಗೆ: ನಿಮ್ಮನ್ನ ಕೆಲಸಕ್ಕೆ ಇಟ್ಕೊಂಡಿದ್ದು ಸಾಮಾನು ಪ್ಯಾಕ್ ಮಾಡೋಕೆ, ಚೆಕಿಂಗ್‌ಗೆ ನಿಲ್ಲೋಕಲ್ಲ. ಚೆಕಿಂಗ್ ಇಲ್ಲದೆಯೂ ಪ್ಯಾಕಿಂಗ್ ನಡೆಯುತ್ತೆ. ಹಾಗಾಗಿ ಅದು ಕೆಲಸದ ಅವಿಭಾಜ್ಯ ಭಾಗ ಅಲ್ಲ.

ಕಾನೂನಿನ ಓದು ಸರಿಯೇ ಇರಬಹುದು. ಆದರೆ ಆ ಕೆಲಸಗಾರರು ಹೇಳಿದ ಒಂದು ಮಾತು ನೋಡಿ. ಇನ್ನೂ ನಾಲ್ಕು ಜನ ಸೆಕ್ಯುರಿಟಿಯವರನ್ನ ಹಾಕಿದ್ರೆ, ಪಾಳಿ ಬಿಡೋ ಹೊತ್ತನ್ನ ಸ್ವಲ್ಪ ಹಿಂದೆ ಮುಂದೆ ಮಾಡಿದ್ರೆ ಈ ಕಾಯೋದೇ ತಪ್ಪುತ್ತೆ ಅಂದ್ರು ಅವರು. ಅದನ್ನ ಮಾಲೀಕರ ಜೊತೆ ಕೂತು ಮಾತಾಡ್ಕೊಳ್ಳಿ ಅಂತು ಕೋರ್ಟ್. ಮಾಲೀಕ ಯಾಕೆ ಮಾತಾಡ್ತಾನೆ? ಸೆಕ್ಯುರಿಟಿಯವನ ಸಂಬಳ ಅವನ ಜೇಬಿಂದ ಹೋಗುತ್ತೆ. ಸಾಲಿನಲ್ಲಿ ನಿಂತವರ 25 ನಿಮಿಷ ಬಿಟ್ಟಿ. ಬಿಟ್ಟಿ ಸಿಗೋದನ್ನ ಯಾರೂ ಉಳಿಸೋಕೆ ಹೋಗಲ್ಲ. ಬೀದಿ ನಲ್ಲಿ ನೀರಿನ ಹಾಗೆ.

ಬ್ರಿಟನ್ನಿನಲ್ಲಿ ಇದೇ ಕಥೆ ಬೇರೆ ದಾರಿ ಹಿಡೀತು. ಶೈರ್‌ಬ್ರೂಕ್ ಅನ್ನೋ ಊರಲ್ಲಿ, ಮುಚ್ಚಿಹೋದ ಕಲ್ಲಿದ್ದಲು ಗಣಿಯ ಜಾಗದಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಕಂಪನಿಯ ಗೋದಾಮು. 2015ರ ಡಿಸೆಂಬರ್‌ನಲ್ಲಿ ಗಾರ್ಡಿಯನ್ ಪತ್ರಿಕೆಯ ವರದಿಗಾರರು ಕೆಲಸಗಾರರಾಗಿ ಒಳಗೆ ಹೋಗಿ ಬಂದು ಬರೆದ್ರು. ಪಾಳಿ ಮುಗಿದ ಮೇಲೆ ತಪಾಸಣೆಗೆ ಕಾಯೋ ನಿಮಿಷಗಳನ್ನ ಲೆಕ್ಕಕ್ಕೆ ತಗೊಂಡ್ರೆ ಕೆಲಸಗಾರರ ಗಂಟೆ ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗೆ ಬೀಳುತ್ತೆ ಅಂತ ತೋರಿಸಿದ್ರು. ನೋಡಿ, ಎಷ್ಟು ಸರಳ ಗಣಿತ! 2016ರಲ್ಲಿ ಮಾಲೀಕ ಮೈಕ್ ಆಶ್ಲಿ ಸಂಸದರ ಸಮಿತಿ ಮುಂದೆ ಕೂತು ಅದನ್ನ ಒಪ್ಪಿಕೊಳ್ಳಬೇಕಾಯ್ತು. ಹಿಂಬಾಕಿಯೂ ಕೊಡಬೇಕಾಯ್ತು. ಅದೇ ಸೆಪ್ಟೆಂಬರ್‌ನಲ್ಲಿ ಆತ ಮಾಧ್ಯಮದವರನ್ನ ಗೋದಾಮಿಗೆ ಕರೆಸಿ, ನಾನೂ ತಪಾಸಣೆಗೆ ಸಿದ್ಧ ಅಂತ ಕ್ಯಾಮೆರಾ ಮುಂದೆ ಜೇಬು ಖಾಲಿ ಮಾಡಿದ. ಜೇಬಿನಿಂದ ಹೊರಗೆ ಬಂದಿದ್ದು 50 ಪೌಂಡ್ ನೋಟುಗಳ ಕಟ್ಟು!

ಆಪಲ್ ಕಂಪನಿಯ ಕೇಸು ಇದಕ್ಕಿಂತ ಸ್ವಾರಸ್ಯ. ಕ್ಯಾಲಿಫೋರ್ನಿಯಾದ ಆಪಲ್ ಮಳಿಗೆಗಳಲ್ಲಿ ಕೆಲಸ ಮುಗಿಸಿದವರು ಮೊದಲು ಹಾಜರಿ ಮುಗಿಸಬೇಕು. ಆಮೇಲೆ ಮ್ಯಾನೇಜರನ್ನೋ ಸೆಕ್ಯುರಿಟಿಯವನನ್ನೋ ಹುಡುಕಿ ಬ್ಯಾಗಿನ ಜಿಪ್ ತೆಗೆದು ತೋರಿಸಬೇಕು. ಸ್ವಂತ ಐಫೋನ್ ಇದ್ರೆ ಅದು ನನ್ನದೇ ಅಂತ ನಂಬರ್ ತಾಳೆ ನೋಡಿಸಿ ಸಾಬೀತು ಮಾಡಬೇಕು. ಸಾಮಾನ್ಯವಾಗಿ 5ರಿಂದ 20 ನಿಮಿಷ, ಜನಜಂಗುಳಿ ದಿನ 45 ನಿಮಿಷದವರೆಗೂ ಹಿಡೀತಿತ್ತು ಅಂತ ಕೆಲಸಗಾರರು ಹೇಳಿದ್ರು. ಇಬ್ಬರು ನೇರವಾಗಿ ಟಿಮ್ ಕುಕ್‌ಗೇ ಬರೆದಿದ್ರು, ನಮ್ಮನ್ನ ಕಳ್ಳರ ಹಾಗೆ ನೋಡ್ತಿದ್ದಾರೆ ಅಂತ. 2013ರಲ್ಲಿ ದಾವೆ ಬಿತ್ತು.

ಆಪಲ್ ವಕೀಲರು ಏನಂದ್ರು? ಬ್ಯಾಗ್ ತರೋದು, ಐಫೋನ್ ತರೋದು ನಿಮ್ಮ ಇಷ್ಟ. ತರಬೇಡಿ, ಚೆಕಿಂಗ್ ಇರಲ್ಲ. ನ್ಯಾಯಮೂರ್ತಿಗಳು ಇಲ್ಲಿ ಹಿಡಿದ್ರು. ಐಫೋನ್ ಇಲ್ಲದೆ ಮನುಷ್ಯನ ಬದುಕೇ ನಡೆಯಲ್ಲ ಅನ್ನೋ ರೀತಿ ಮಾತಾಡೋರು ನೀವೇ, ಟಿಮ್ ಕುಕ್ ಅವರೇ. ಈಗ ಅದನ್ನ ಮನೇಲಿಟ್ಟು ಬನ್ನಿ ಅಂತೀರಾ? ಕಂಪನಿ ಅಂಗಿಯನ್ನ ಅಂಗಡಿಯಲ್ಲಿ ಹಾಕ್ಕೊಳ್ಳಲೇಬೇಕು, ಹೊರಗೆ ಹೋಗುವಾಗ ತೆಗೀಬೇಕು ಇಲ್ಲಾ ಮುಚ್ಚಿಕೊಳ್ಳಬೇಕು ಅಂತಲೂ ನಿಮ್ಮದೇ ನಿಯಮ. ಆ ಅಂಗಿಯನ್ನ ಕೈಯಲ್ಲಿ ಹಿಡ್ಕೊಂಡು ಓಡಾಡ್ತಾರಾ?

2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು: ಚೆಕಿಂಗ್ ಹೊತ್ತಿನಲ್ಲಿ ಕೆಲಸಗಾರ ಕಂಪನಿಯ ಹಿಡಿತದಲ್ಲಿರ್ತಾನೆ. ಹಿಡಿತ ನಿಮ್ಮದಾದ್ರೆ ಸಂಬಳವೂ ನೀವೇ ಕೊಡಬೇಕು. ಮಾರನೇ ವರ್ಷ ಪೆನ್ಸಿಲ್ವೇನಿಯಾದ ಕೋರ್ಟ್ ಕೂಡ ಅಮೆಜಾನ್ ಕೇಸಲ್ಲಿ ತನ್ನ ರಾಜ್ಯದ ಕಾನೂನಿನಂತೆ ಇಂಥ ಸಮಯಕ್ಕೆ ಕೂಲಿ ಇದೆ ಅಂತು. ಆಪಲ್ ಕೊನೆಗೆ 2 ಕೋಟಿ 99 ಲಕ್ಷ ಡಾಲರ್‌ಗೆ ರಾಜಿ ಮಾಡ್ಕೊಳ್ತು. ಸುಮಾರು 15,000 ಕೆಲಸಗಾರರಿಗೆ ಹಂಚಬೇಕಾದ ದುಡ್ಡು ಅದು.

ನಮ್ಮ ದೇಶದ ಕಾನೂನಲ್ಲೂ ಮೈ ತಪಾಸಣೆ ಬಗ್ಗೆ ಒಂದು ಸೊಗಸಾದ ವಾಕ್ಯ ಇದೆ. ಹೆಂಗಸನ್ನ ಹುಡುಕಬೇಕಾದ್ರೆ ಇನ್ನೊಬ್ಬ ಹೆಂಗಸೇ ಹುಡುಕಬೇಕು, ಮರ್ಯಾದೆಗೆ ಕುಂದು ಬರದ ಹಾಗೆ ಹುಡುಕಬೇಕು ಅಂತ. ಹಳೇ ದಂಡ ಪ್ರಕ್ರಿಯಾ ಸಂಹಿತೆಯ 51ನೇ ಕಲಮಿನಲ್ಲಿತ್ತು, 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಯಾರಿಗೆ ಬರೆದದ್ದು? ಪೊಲೀಸರು ಬಂಧಿಸಿದವರಿಗೆ. ಬಟ್ಟೆ ಅಂಗಡಿಯಲ್ಲಿ ಹನ್ನೊಂದು ಗಂಟೆ ನಿಂತು, ಕೊನೇ ಬಸ್ ಹಿಡಿಯೋಕೆ ಓಡ್ತಾ ಇರೋ ಹುಡುಗಿಗೆ ಅಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನೋ ಮಿತಿ ಹಾಕಿದ ಕಾಯ್ದೆ ಅದು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಾಲ್‌ಗೆ, ಶೋರೂಮಿಗೆ ಕೆಲಸಕ್ಕೆ ಹೋಗೋ ಮಕ್ಕಳಿದ್ರೆ ಒಂದೇ ಪ್ರಶ್ನೆ ಕೇಳಿ. ಬ್ಯಾಗ್ ಚೆಕ್ ಮಾಡೋದು ಬೆರಳಚ್ಚು ಒತ್ತೋದಕ್ಕೆ ಮೊದಲಾ, ಆಮೇಲಾ?